"ಚಾನ್ಸ್ ಎಷ್ಟು, ಮಾಮ?": ಒಂದು ಬಿಎಸ್-ಎಂಡಿ ಅರ್ಜಿಯ ಪ್ರಕರಣ

ಅಕ್ಕನ ಮಗಳು ನನಗೆ ಫೋನ್ ಮಾಡುವುದು ಎರಡೇ ಕಾರಣಕ್ಕೆ. ಅಮ್ಮನ ಹತ್ತಿರ ಬೈಸಿಕೊಂಡಾಗ, ಇಲ್ಲಾ ಬೈಸಿಕೊಳ್ಳುವಂಥ ಕೆಲಸ ಮಾಡಿ ಅದು ಅಮ್ಮನಿಗೆ ಇನ್ನೂ ಗೊತ್ತಾಗದೇ ಇದ್ದಾಗ. 2024ರ ಜೂನ್‌ನಲ್ಲಿ ಬಂದ ಫೋನು ಎರಡೂ ಅಲ್ಲ. "ಮಾಮ, ಬಿಎಸ್-ಎಂಡಿಗೆ ನನ್ನ ಚಾನ್ಸ್ ಎಷ್ಟು?" ಅಂದಳು. ಹಿಂದಿನಿಂದ ಭಾವನ ದನಿ ಕೇಳಿಸಿತು: "ಪರ್ಸೆಂಟ್ ಕೇಳು, ಪರ್ಸೆಂಟ್."

ಮುಂದಿನ ಹತ್ತು-ಹನ್ನೊಂದು ತಿಂಗಳು ನಾವೆಲ್ಲ ಆ ಪರ್ಸೆಂಟಿನ ಹಿಂದೆ ಬಿದ್ದೆವು. ಆಮೇಲೆ ಗೊತ್ತಿರುವ ನಾಲ್ಕಾರು ಕನ್ನಡದ ಮನೆಯವರು ಇದೇ ಪ್ರಶ್ನೆ ಕೇಳಿದರು. ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಬರೆದಿಡೋಣ ಅನ್ನಿಸಿತು. ಹುಡುಗಿ ಒಪ್ಪಿದ್ದಾಳೆ. ಹೆಸರು, ಸ್ಕೂಲು, ಊರು ಬೇಡ ಅಂದಿದ್ದಾಳೆ. ಮಧ್ಯ ನ್ಯೂಜೆರ್ಸಿ ಅಂದುಕೊಳ್ಳಿ. ಹತ್ತು ನಿಮಿಷ ಕಾರು ಓಡಿಸಿದರೆ ದೋಸೆ ಹಿಟ್ಟು, ಕರಿಬೇವು, ಮೈಸೂರು ಸ್ಯಾಂಡಲ್ ಸೋಪು ಎಲ್ಲ ಸಿಗುವ ಊರು.

ಊರಲ್ಲಿ ಕೂತು ಓದುವವರಿಗೆ ಮೊದಲು ಇಲ್ಲಿನ ವ್ಯವಸ್ಥೆ ಹೇಳಬೇಕು. ಅಮೆರಿಕದಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದು ನೇರ ಎಂಬಿಬಿಎಸ್ ಸೇರುವ ದಾರಿ ಇಲ್ಲ. 12ನೇ ಕ್ಲಾಸಿನ ತನಕ ಹೈಸ್ಕೂಲು. ಆಮೇಲೆ 4 ವರ್ಷ ಕಾಲೇಜು. ಅಲ್ಲಿ ಯಾವ ವಿಷಯ ಬೇಕಾದರೂ ಓದಬಹುದು, ಇತಿಹಾಸ ಕೂಡ. ಜೊತೆಗೆ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್‌ನ ಇಂತಿಷ್ಟು ಕೋರ್ಸು ಮುಗಿಸಿರಬೇಕು. ಎಂಕ್ಯಾಟ್ ಅನ್ನುವ ಮೆಡಿಕಲ್ ಪ್ರವೇಶ ಪರೀಕ್ಷೆ ಬರೆಯಬೇಕು. ಆಮೇಲೆ 4 ವರ್ಷ ಮೆಡಿಕಲ್ ಸ್ಕೂಲು, ಅದಾದ ಮೇಲೆ 3ರಿಂದ 7 ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ತರಬೇತಿ. ಬಿಎಸ್-ಎಂಡಿ ಅನ್ನುವುದು ಇದರೊಳಗೊಂದು ಕಿರುದಾರಿ. 12ನೇ ಕ್ಲಾಸಿನಲ್ಲಿ ಇರುವಾಗಲೇ ಕಾಲೇಜು ಸೀಟಿನ ಜೊತೆ ಮೆಡಿಕಲ್ ಸೀಟನ್ನೂ ನಿಮ್ಮ ಹೆಸರಿಗೆ ಎತ್ತಿಡುತ್ತಾರೆ.

ಎಲ್ಲ ಕಡೆಯೂ ಒಂದೇ ಥರ ಅಲ್ಲ. ಕನ್ಸಾಸ್ ಸಿಟಿಯ ಮಿಸೌರಿ ವಿಶ್ವವಿದ್ಯಾಲಯದಲ್ಲಿ 1971ರಿಂದ 6 ವರ್ಷದ್ದೊಂದು ನಡೆಯುತ್ತಿದೆ. ಬೇಸಿಗೆ ರಜೆ ಅಂತೆಲ್ಲ ಅಲ್ಲಿ ಕೇಳಬೇಡಿ. ನಮ್ಮ ನ್ಯೂಜೆರ್ಸಿಯಲ್ಲಿ 7 ವರ್ಷದ್ದಿದೆ: 3 ವರ್ಷ ಕಾಲೇಜು ಆಫ್ ನ್ಯೂಜೆರ್ಸಿಯಂಥ ಕಡೆ, ಮಿಕ್ಕ 4 ವರ್ಷ ನೂವಾರ್ಕ್‌ನ ಮೆಡಿಕಲ್ ಸ್ಕೂಲಿನಲ್ಲಿ. ಬ್ರೌನ್ ವಿಶ್ವವಿದ್ಯಾಲಯದ ಪಿಎಲ್‌ಎಂಇ ಪೂರ್ತಿ 8 ವರ್ಷ. ಒಂದು ದಿನವೂ ಉಳಿಯುವುದಿಲ್ಲ, ಆದರೆ ಎಂಕ್ಯಾಟ್ ಬರೆಯಬೇಕಿಲ್ಲ. ಕೆಲವು ಕಡೆ ಎಂಕ್ಯಾಟ್ ಬೇಕು, ಇಷ್ಟು ಬರಲೇಬೇಕು ಅನ್ನುತ್ತಾರೆ. ಗ್ಯಾರಂಟಿ ಅಂತ ಹೇಳಿದರೂ ಕಾಲೇಜಿನಲ್ಲಿ ಗ್ರೇಡು ಜಾರಿದರೆ ಸೀಟೂ ಜಾರುತ್ತದೆ. ಪ್ರೋಗ್ರಾಮೇ ನಿಂತುಹೋಗುವುದೂ ಉಂಟು. ನಾರ್ತ್‌ವೆಸ್ಟರ್ನ್ 1961ರಲ್ಲಿ ಶುರು ಮಾಡಿದ್ದ ಹೆಸರಾಂತ ಪ್ರೋಗ್ರಾಂ ಈಗ ಇಲ್ಲ.

ನಾನು ಈ ದಾರಿಯಲ್ಲಿ ಬಂದವನಲ್ಲ. ಮೈಸೂರಿನಲ್ಲಿ ಎಂಬಿಬಿಎಸ್ ಮಾಡಿ, ಇಲ್ಲಿನ ಡಾಕ್ಟರ್ ಲೈಸೆನ್ಸಿನ ಪರೀಕ್ಷೆ ಯುಎಸ್‌ಎಂಎಲ್‌ಇ ಬರೆದು, ರೆಸಿಡೆನ್ಸಿ ಮುಗಿಸಿ, ಜೆ-1 ವೇವರ್‌ಗೋಸ್ಕರ (ತರಬೇತಿ ವೀಸಾ ಮುಗಿದ ಮೇಲೆ ಊರಿಗೆ ವಾಪಸು ಹೋಗದೆ ಇಲ್ಲೇ ಉಳಿಯಲು ಕೊಡುವ ವಿನಾಯಿತಿ) 3 ವರ್ಷ ಡಾಕ್ಟರು ಸಿಗದ ಹಳ್ಳಿ ಕಡೆ ಕೆಲಸ ಮಾಡಿದವನು. ಈಗ ಪೆನ್ಸಿಲ್ವೇನಿಯಾದಲ್ಲಿ ಜನರಲ್ ಮೆಡಿಸಿನ್ ನೋಡುತ್ತೇನೆ. ಮನೆಗೊಬ್ಬ ಡಾಕ್ಟರ್ ಇದ್ದಾನೆ, ಅವನಿಗೆ ಎಲ್ಲ ಗೊತ್ತಿರುತ್ತದೆ ಅಂತ ಅಕ್ಕನ ನಂಬಿಕೆ. ನನಗೆ ಗೊತ್ತಿದ್ದದ್ದು ಬಿಪಿ, ಶುಗರ್.

ಭಾವನ ಎಕ್ಸೆಲ್ ಶೀಟ್

ಶನಿವಾರ ಅವರ ಮನೆಗೆ ಹೋದೆ. ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು ಭಾವ ಕಾಯುತ್ತಿದ್ದರು. 13 ಪ್ರೋಗ್ರಾಂ, 13 ಸಾಲು. ಕಾಲಂಗಳು: ಎಸ್‌ಎಟಿ (ಕಾಲೇಜು ಪ್ರವೇಶ ಪರೀಕ್ಷೆ, 1600ಕ್ಕೆ), ಜಿಪಿಎ (ಹೈಸ್ಕೂಲಿನ ಗ್ರೇಡುಗಳ ಸರಾಸರಿ), ಫೀಸು, ಮನೆಯಿಂದ ಎಷ್ಟು ಮೈಲಿ. ಕೊನೆಯ ಕಾಲಂ ಹಳದಿ ಬಣ್ಣದಲ್ಲಿ, "ಚಾನ್ಸ್ ಶೇಕಡಾ".

ಹುಡುಗಿಯ ಕಡೆಯಿಂದ ಹೇಳಿಕೊಳ್ಳಲು ಬೇಕಾದಷ್ಟಿತ್ತು. ಜಿಪಿಎ 4ಕ್ಕೆ 3.97. ಎಸ್‌ಎಟಿ ಮೊದಲ ಸಲ 1490, ಎರಡನೇ ಸಲ 1540. ಕಾಲೇಜು ಮಟ್ಟದ ಎಪಿ ಪರೀಕ್ಷೆಗಳಲ್ಲಿ ಬಯಾಲಜಿ, ಕೆಮಿಸ್ಟ್ರಿ ಎರಡರಲ್ಲೂ 5ಕ್ಕೆ 5. ಹತ್ತು ವರ್ಷ ಭರತನಾಟ್ಯ, ರಂಗಪ್ರವೇಶ ಆಗಿದೆ. ಭಾನುವಾರ ಕನ್ನಡ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಾಗುಣಿತ ತಿದ್ದಿಸುತ್ತಾಳೆ. ಎರಡು ವರ್ಷದಿಂದ ವಾರಕ್ಕೊಂದು ಮಧ್ಯಾಹ್ನ ಒಂದು ನರ್ಸಿಂಗ್ ಹೋಮಿನಲ್ಲಿ ವಾಲಂಟಿಯರ್. ರಿಸರ್ಚ್ ಏನೂ ಇಲ್ಲ.

ಆ ಹಳದಿ ಕಾಲಂ ಹೇಗೆ ಬಂತು ಅಂತ ಕೇಳಿದೆ. ಭಾವ ಖುಷಿಯಾಗಿ ವಿವರಿಸಿದರು. ಒಟ್ಟು ಸೀಟನ್ನು ಅರ್ಜಿಗಳಿಂದ ಭಾಗಿಸಿದರೆ ಸರಾಸರಿ ಶೇ. 3.5 ಬರುತ್ತದೆ. ಮಗಳ ಎಸ್‌ಎಟಿ ಚೆನ್ನಾಗಿದೆ, ಅದಕ್ಕೆ ಡಬಲ್, ಶೇ. 7. ಒಂದು ಕಡೆ ತಪ್ಪುವುದು ಶೇ. 93. ಹದಿಮೂರು ಕಡೆಯೂ ತಪ್ಪುವುದು ಶೇ. 39. ಅಂದರೆ ಒಂದಾದರೂ ಸಿಗುವುದು ಶೇ. 61! "ಫಸ್ಟ್ ಕ್ಲಾಸ್ ಬಂತಲ್ಲೋ," ಅಂದರು.

ಭಾವನನ್ನು ಆಡಿಕೊಳ್ಳುವುದು ಸುಲಭ. ಆದರೆ ಅವರು 1996ರಲ್ಲಿ ಸಿಇಟಿ ಬರೆದವರು. ಆಗ ಒಂದು ರ‍್ಯಾಂಕ್ ಬರುತ್ತಿತ್ತು. ಆ ರ‍್ಯಾಂಕಿಗೆ ಯಾವ ಕಾಲೇಜು, ಯಾವ ಬ್ರಾಂಚು ಅಂತ ಹಿಂದಿನ ವರ್ಷದ ಪಟ್ಟಿ ನೋಡಿ ಪಕ್ಕದ ಮನೆಯವರೂ ಹೇಳುತ್ತಿದ್ದರು. ನಂಬರ್ ಕೊಟ್ಟರೆ ಉತ್ತರ ಬರುತ್ತದೆ ಅನ್ನುವುದು ಅವರ ಅನುಭವ. ನನ್ನದೂ ಅದೇ.

ಲೆಕ್ಕದಲ್ಲಿ ಇದ್ದ ತಪ್ಪು ನನಗೆ ಆವತ್ತು ಹೊಳೆಯಲಿಲ್ಲ, ಆಮೇಲೆ ಹೊಳೆಯಿತು. ನಾಣ್ಯವನ್ನು 13 ಸಲ ಚಿಮ್ಮಿದರೆ ಒಂದು ಸಲಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಅರ್ಜಿ ಹಾಗಲ್ಲ. ಎಲ್ಲ ಕಡೆಗೂ ಹೋಗುವುದು ಅದೇ ಹುಡುಗಿಯ ಅದೇ ಕಾಗದ, ಬಹುಪಾಲು ಅದೇ ಪ್ರಬಂಧ. ಎದುರಿಗಿರುವವರೂ ಹೆಚ್ಚುಕಮ್ಮಿ ಅದೇ ಮಕ್ಕಳು, ಎಲ್ಲರದೂ 1500 ದಾಟಿದ್ದು. ಒಬ್ಬರಿಗೆ ಇವಳಲ್ಲಿ ಏನು ಕಮ್ಮಿ ಕಂಡಿತೋ ಅದು ಇನ್ನೊಬ್ಬರಿಗೂ ಕಾಣುತ್ತದೆ. ಜಾಸ್ತಿ ಕಡೆ ಹಾಕಿದರೆ ಸ್ವಲ್ಪ ಉಪಯೋಗ ಇದೆ, ಶೇ. 61ರಷ್ಟು ಇಲ್ಲ.

ಆವತ್ತು ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಶೀಟಿನಲ್ಲಿ ಒಂದು ಕಾಲಂ ಇರಲೇ ಇಲ್ಲ.

"ಭಾವ, ಇವಳದು ಇನ್ನೂ ಎಚ್-4 ವೀಸಾ ಅಲ್ವಾ?"

ಅಕ್ಕ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿದಳು.

ಇಲ್ಲದ ಕಾಲಂ

ಹುಡುಗಿ ಹುಟ್ಟಿದ್ದು ಬೆಂಗಳೂರಿನಲ್ಲಿ, 2007ರ ಫೆಬ್ರುವರಿಯಲ್ಲಿ. ಇಲ್ಲಿಗೆ ಬಂದಾಗ ನಾಲ್ಕು ವರ್ಷ. ಮಾತು, ನಡೆ, ತಿನ್ನುವ ಸೀರಿಯಲ್ ಎಲ್ಲ ನ್ಯೂಜೆರ್ಸಿ. ಪಾಸ್‌ಪೋರ್ಟ್ ಮಾತ್ರ ಭಾರತದ್ದು. ಭಾವನದು ಎಚ್-1ಬಿ ಕೆಲಸದ ವೀಸಾ, ಇವಳು ಅವರ ಬಾಲಕ್ಕೆ ಕಟ್ಟಿಕೊಂಡ ಎಚ್-4. ಗ್ರೀನ್ ಕಾರ್ಡಿಗೆ ಅವರ ಪ್ರಯಾರಿಟಿ ಡೇಟ್, ಅಂದರೆ ಸಾಲಿಗೆ ಸೇರಿದ ತಾರೀಕು, 2014ರ ನವೆಂಬರ್. ಕೆಲಸದ ಮೇಲೆ ಕೊಡುವ ಇಬಿ-2 ಕ್ಯಾಟಗರಿ. ಅರ್ಜಿ ಹಾಕುವ ಹೊತ್ತಿಗೆ, 2024ರ ಅಕ್ಟೋಬರ್‌ನಲ್ಲಿ, ಭಾರತದ ಇಬಿ-2 ಸಾಲು 2012ರ ಜುಲೈ ಹತ್ತಿರ ನಿಂತಿತ್ತು, ಅಂದರೆ ಅದಕ್ಕೆ ಮುಂಚೆ ಸಾಲಿಗೆ ಸೇರಿದವರ ಸರದಿ ಮಾತ್ರ ಬಂದಿತ್ತು. ಇನ್ನೆರಡು ವರ್ಷದ್ದೇ ತಾನೇ ಅನ್ನಿಸುತ್ತದೆ, ಅಲ್ವಾ? ಆ ಎರಡು ವರ್ಷ ಸರಿಯುವುದಕ್ಕೆ ಎಷ್ಟು ವರ್ಷ ಬೇಕು ಅಂತ ಇಲ್ಲಿರುವ ಯಾವ ಕನ್ನಡಿಗರನ್ನಾದರೂ ಕೇಳಿ.

ಎಚ್-4 ಇರುವ ಮಗುವಿಗೆ 21 ತುಂಬಿದರೆ ಆ ವೀಸಾ ಮುಗಿಯಿತು. ಅಷ್ಟರೊಳಗೆ ಸಾಲು ಬರದಿದ್ದರೆ ಎಫ್-1 ಸ್ಟೂಡೆಂಟ್ ವೀಸಾ ಮಾಡಿಕೊಳ್ಳಬೇಕು. ಆಗ ಅವಳು ನಿನ್ನೆ ಏರ್‌ಪೋರ್ಟಿನಲ್ಲಿ ಇಳಿದ ವಿದೇಶಿ ವಿದ್ಯಾರ್ಥಿಯ ಹಾಗೇ ಲೆಕ್ಕ. ಇದೆಲ್ಲ ಅಕ್ಕ-ಭಾವನಿಗೆ ಗೊತ್ತಿಲ್ಲದ್ದೇನಲ್ಲ. ರಾತ್ರಿ ಮಲಗುವಾಗ ಅವರು ಮಾತಾಡುವುದೇ ಅದನ್ನು. ಆದರೆ ಅದು "ವೀಸಾ ವಿಷಯ", ಇದು "ಓದಿನ ವಿಷಯ". ಎರಡೂ ಬೇರೆಬೇರೆ ಡಬ್ಬದಲ್ಲಿದ್ದವು.

ಅಮೆರಿಕದ ಬಹಳಷ್ಟು ಮೆಡಿಕಲ್ ಸ್ಕೂಲುಗಳು ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವವರನ್ನೇ ತೆಗೆದುಕೊಳ್ಳುವುದು. ವಿದೇಶಿಯರನ್ನು ನೋಡುವ ಸ್ಕೂಲುಗಳು ಕಮ್ಮಿ. ಬಿಎಸ್-ಎಂಡಿ ಅಂದರೆ ಮೆಡಿಕಲ್ ಸ್ಕೂಲೂ ಆ ಸೀಟಿಗೆ ಸಹಿ ಹಾಕಬೇಕು. ಹಾಗಾಗಿ ಆ ನಿಯಮ 17 ವರ್ಷದ ಮಗುವಿಗೇ ಬಂದು ತಗುಲುತ್ತದೆ.

ಆವತ್ತು ಸಂಜೆ ನಾಲ್ಕೂ ಜನ ಕೂತು ಒಂದೊಂದೇ ವೆಬ್‌ಸೈಟು ತೆಗೆದೆವು. ಅರ್ಹತೆ ಅನ್ನುವ ಪುಟದಲ್ಲಿ, ಎಸ್‌ಎಟಿ, ಜಿಪಿಎ ಎಲ್ಲ ಹೇಳಿ ಮುಗಿಸಿದ ಮೇಲೆ, ಕೆಳಗೆ ಒಂದು ಸಾಲು ಇರುತ್ತಿತ್ತು. ಹುಡುಗಿ ಅದನ್ನು ಗಟ್ಟಿಯಾಗಿ ಓದುವುದು, ಭಾವ ಶೀಟಿನಲ್ಲಿ ಆ ಸಾಲಿಗೆ ಬೂದು ಬಣ್ಣ ಹಾಕುವುದು. ಮನೆಯಿಂದ ಹೋಗಿಬರುವಷ್ಟು ಹತ್ತಿರ ಇದ್ದ, ಅಕ್ಕನಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ಪ್ರೋಗ್ರಾಂ ನಾಲ್ಕನೆಯದಾಗಿ ಬೂದಾಯಿತು. ಎರಡು ಕಡೆ ಬರೆದದ್ದು ಸ್ಪಷ್ಟ ಇರಲಿಲ್ಲ. ಈಮೇಲ್ ಹಾಕಿದೆವು. ಒಬ್ಬರು ಮರುದಿನವೇ "ಇಲ್ಲ" ಅಂದರು, ಇನ್ನೊಬ್ಬರು ಮೂರು ವಾರ ಬಿಟ್ಟು "ಹಾಕಬಹುದು" ಅಂದರು. ಕೊನೆಗೆ 13ರಲ್ಲಿ ಉಳಿದದ್ದು 5.

ಭಾವನ ಅದೇ ಲೆಕ್ಕದಲ್ಲಿ ಶೇ. 61 ಇದ್ದದ್ದು ಶೇ. 30ಕ್ಕೆ ಬಂತು. ಮಗಳ ಮಾರ್ಕ್ಸು ಒಂದೂ ಕಮ್ಮಿಯಾಗಿರಲಿಲ್ಲ.

ಇಲ್ಲಿ ಒಂದು ಸಿಟ್ಟಿನ ಮಾತು ಹೇಳಿಬಿಡುತ್ತೇನೆ. ಇದಕ್ಕೆ ಮುಂಚೆ ಆರು ತಿಂಗಳಿಂದ ಇವರು ಒಬ್ಬ ಅಡ್ಮಿಷನ್ ಕನ್ಸಲ್ಟೆಂಟಿಗೆ ದುಡ್ಡು ಕೊಡುತ್ತಿದ್ದರು. ಆ 13ರ ಪಟ್ಟಿ ಅವರದೇ. ಫಾರ್ಮಿನಲ್ಲಿ ಹುಡುಗಿಯ ನೆಚ್ಚಿನ ಪುಸ್ತಕ ಯಾವುದು ಅಂತ ಕೇಳಿದ್ದರಂತೆ, ವೀಸಾ ಯಾವುದು ಅಂತ ಕೇಳಿರಲಿಲ್ಲ. ಭಾವ ಫೋನ್ ಮಾಡಿದಾಗ, "ಓ, ನೀವು ಹೇಳಬೇಕಿತ್ತು" ಅಂದರು. ದುಡ್ಡು ವಾಪಸು ಬರಲಿಲ್ಲ.

ಅಂಕಗಳ ಬಗ್ಗೆ ಸ್ವಲ್ಪ

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಮನೆಮನೆಯಲ್ಲೂ ಇದರ ಬಗ್ಗೆಯೇ ಜಾಸ್ತಿ ಮಾತು. ಭಾವನಿಗೆ ಎಸ್‌ಎಟಿ ಮೂರನೇ ಸಲ ಬರೆಸಿ 1580 ಮಾಡಿಸುವ ಆಸೆ. ನಾನು ಬೇಡ ಅಂದೆ. ಈ ಮಟ್ಟದಲ್ಲಿ ಎಸ್‌ಎಟಿ ಬಾಗಿಲಲ್ಲಿ ತೋರಿಸುವ ಟಿಕೆಟ್ಟು, ಒಳಗೆ ಯಾವ ಸೀಟು ಅಂತ ಅದು ಹೇಳುವುದಿಲ್ಲ. 1400 ಇದ್ದಿದ್ದರೆ ಬೇರೆ ಮಾತು. ಆಗಸ್ಟ್ ತಿಂಗಳಿಡೀ ಕೋಚಿಂಗಿನಲ್ಲಿ ಕಳೆಯುವ ಬದಲು ಪ್ರಬಂಧಕ್ಕೆ ಕೂರಲಿ ಅಂದೆ. ಭಾವ ಒಪ್ಪಿದರು ಅನ್ನುವುದಕ್ಕಿಂತ ಸುಮ್ಮನಾದರು. ಆಮೇಲೆ ಸೀಟು ಸಿಗದಿದ್ದಾಗ, "1580 ಇದ್ದಿದ್ದರೆ..." ಅಂತ ಒಂದು ಸಲ ಅಂದರು. ನನಗೆ ಈಗಲೂ ಹಾಗೆ ಅನ್ನಿಸುವುದಿಲ್ಲ.

ರಿಸರ್ಚ್ ಇಲ್ಲದ್ದು ನಿಜವಾದ ಕೊರತೆ. ಇವಳ ಜೊತೆ ಇಂಟರ್ವ್ಯೂಗೆ ಬಂದ ಮಕ್ಕಳಲ್ಲಿ ಎರಡು ಬೇಸಿಗೆ ಲ್ಯಾಬಿನಲ್ಲಿ ಕಳೆದವರಿದ್ದರು. ಆ ಅವಕಾಶ ಹೇಗೆ ಸಿಕ್ಕಿತು ಅಂತ ಕೇಳಿದರೆ ಬಹಳ ಸಲ ಅಪ್ಪನೋ ಅಮ್ಮನೋ ಅದೇ ಆಸ್ಪತ್ರೆಯಲ್ಲಿರುತ್ತಾರೆ. ಇವಳಿಗೆ ಇದ್ದದ್ದು ನನ್ನ ಕ್ಲಿನಿಕ್ಕು. ಆ ಬೇಸಿಗೆ ಎರಡು ವಾರ ಬಂದು ಪೇಶೆಂಟುಗಳ ಒಪ್ಪಿಗೆ ಕೇಳಿ ಮೂಲೆಯಲ್ಲಿ ಕೂತು ನೋಡಿದಳು. ಇದಕ್ಕೆ ಇಲ್ಲಿ ಶ್ಯಾಡೋಯಿಂಗ್ ಅನ್ನುತ್ತಾರೆ.

ಅಜ್ಜನ ಪ್ರಬಂಧ, ಬಾ ಅವರ ತಟ್ಟೆ

ಕಾಮನ್ ಆಪ್ ಅನ್ನುವ ಒಂದೇ ಅರ್ಜಿಯಲ್ಲಿ ಬಹಳಷ್ಟು ಕಾಲೇಜಿಗೆ ಹಾಕಬಹುದು. ಆಗಸ್ಟ್ 1ಕ್ಕೆ ತೆರೆಯುತ್ತದೆ. ಅದರಲ್ಲಿ 650 ಪದದ ಒಂದು ಪ್ರಬಂಧ. ಅದರ ಮೇಲೆ ಒಂದೊಂದು ಪ್ರೋಗ್ರಾಮಿನದು ಬೇರೆ: ಡಾಕ್ಟರ್ ಯಾಕೆ ಆಗಬೇಕು, ಈಗಲೇ ಯಾಕೆ, ನಮ್ಮಲ್ಲೇ ಯಾಕೆ. ಪಿಎಲ್‌ಎಂಇಗೂ ಹೆಚ್ಚುವರಿ ಪ್ರಬಂಧ ಬರೆಯಬೇಕು.

ಅವಳ ಮೊದಲ ಡ್ರಾಫ್ಟು ನಮ್ಮ ಅಪ್ಪನ ಸಾವಿನ ಬಗ್ಗೆ. ಅಪ್ಪ ಮೈಸೂರಿನ ಐಸಿಯುನಲ್ಲಿದ್ದಾಗ ಇವಳು ವಾಟ್ಸಾಪ್ ವೀಡಿಯೋದಲ್ಲಿ ನೋಡಿದ್ದು, ಏನೂ ಮಾಡಲಾಗಲಿಲ್ಲ ಅಂತ ಅತ್ತದ್ದು, ಅಂದೇ ಡಾಕ್ಟರ್ ಆಗುತ್ತೇನೆ ಅಂತ ತೀರ್ಮಾನಿಸಿದ್ದು. ನಾನು ಓದಿ, "ಪುಟ್ಟಿ, ಇದು ಬೇಡ. ನಮ್ಮ ದೇಶದ ಅರ್ಧ ಮಕ್ಕಳು ಇದನ್ನೇ ಬರೆದಿರ್ತಾರೆ" ಅಂದೆ. ಅವಳು ಎದ್ದು ರೂಮಿಗೆ ಹೋದಳು. ಅಕ್ಕ ನನ್ನನ್ನೇ ನೋಡಿ, "ಅಪ್ಪ ಸತ್ತಿದ್ದಕ್ಕೂ ಮಾರ್ಕ್ಸ್ ಹಾಕ್ತೀಯೇನೋ?" ಅಂದಳು. ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ನಾನೂ ಆ ವೀಡಿಯೋದ ಇನ್ನೊಂದು ಚೌಕದಲ್ಲಿದ್ದವನೇ.

ಒಂದು ವಾರ ಯಾರೂ ಫೋನ್ ಮಾಡಲಿಲ್ಲ. ಆಮೇಲೆ ಕ್ಲಿನಿಕ್ಕಿಗೆ ಬಂದಾಗ ಮಧ್ಯಾಹ್ನ ಊಟದ ಹೊತ್ತಿಗೆ ಅವಳೇ ಬೇರೆ ಏನೋ ಹೇಳುತ್ತಾ ಕೂತಳು. ನರ್ಸಿಂಗ್ ಹೋಮಿನಲ್ಲಿ ಒಬ್ಬರು ಗುಜರಾತಿ ಅಜ್ಜಿ. ಎಲ್ಲರೂ ಅವರನ್ನು ಬಾ ಅನ್ನುತ್ತಿದ್ದರು. ಸ್ಟ್ರೋಕ್ ಆಗಿತ್ತು. ಊಟ ಅರ್ಧಕ್ಕೇ ಬಿಡುತ್ತಾರೆ, ಹಸಿವಿಲ್ಲ ಅಂತ ದಿನಾ ಚಾರ್ಟಿನಲ್ಲಿ ಬರೆಯುತ್ತಿದ್ದರು. ಇವಳು ತಟ್ಟೆ ಎತ್ತುವಾಗ ಗಮನಿಸಿದ್ದು ಬೇರೆ. ಬಲಗಡೆ ಅರ್ಧ ಒರೆಸಿದ ಹಾಗೆ ಖಾಲಿ, ಎಡಗಡೆಯ ಖಿಚಡಿ ಮುಟ್ಟಿಯೇ ಇಲ್ಲ. ಮಧ್ಯೆ ಗೆರೆ ಎಳೆದ ಹಾಗೆ. ಮೂರು ವಾರ ಹೀಗೇ. ನಾಲ್ಕನೇ ವಾರ ಸುಮ್ನೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ಇಟ್ಟಳಂತೆ. ಬಾ ಮಿಕ್ಕಿದ್ದನ್ನೂ ತಿಂದರು. ತಿಂದು, ಇವಳು ಇನ್ನೊಂದು ಸಲ ಬಡಿಸಿದಳು ಅಂದುಕೊಂಡು ಗುಜರಾತಿಯಲ್ಲಿ ಬೈದರಂತೆ, ಇಷ್ಟೊಂದು ಯಾಕೆ ಹಾಕ್ತೀಯ ಅಂತ.

ಮೆದುಳಿನ ಬಲಭಾಗಕ್ಕೆ ಪೆಟ್ಟಾದರೆ ಕೆಲವರಿಗೆ ಎಡಗಡೆಯ ಜಗತ್ತೇ ಇಲ್ಲದ ಹಾಗಾಗುತ್ತದೆ. ಕಣ್ಣು ಸರಿಯಾಗೇ ಇರುತ್ತದೆ, ಗಮನ ಆ ಕಡೆ ಹೋಗುವುದಿಲ್ಲ. ಇದು ನಮಗೆಲ್ಲ ಮೆಡಿಕಲ್ ಓದುವಾಗ ಪಾಠದಲ್ಲಿ ಬಂದದ್ದು. ಹುಡುಗಿ ಹೊಸದೇನೂ ಕಂಡುಹಿಡಿಯಲಿಲ್ಲ. ನರ್ಸ್ ಒಬ್ಬರು ಫೈಲು ತೆಗೆದು ನೋಡಿದರೆ ಅದರಲ್ಲಿ ಬರೆದೇ ಇತ್ತು. ದಿನಾ ತಟ್ಟೆ ಇಡುವವರು ಬದಲಾಗುತ್ತಿದ್ದರು, ಫೈಲು ಯಾರೂ ಓದುತ್ತಿರಲಿಲ್ಲ, ಅಷ್ಟೆ.

"ಇದನ್ನ ಬರಿ," ಅಂದೆ.

"ಇದರಲ್ಲಿ ಏನಿದೆ ಮಾಮ? ತಟ್ಟೆ ತಿರುಗಿಸಿದೆ ಅಷ್ಟೆ."

"ಅಷ್ಟನ್ನೇ ಬರಿ."

ಬರೆದಳು. ಬಾ ಯಾರು ಅಂತ ಗೊತ್ತಾಗದ ಹಾಗೆ ವಿವರ ಬದಲಿಸಿದಳು, ಇಲ್ಲಿ ರೋಗಿಯ ಗುಟ್ಟು ಕಾಪಾಡುವ ಕಾನೂನು ಬಿಗಿ. ಅಜ್ಜನ ಪ್ರಬಂಧವನ್ನು ಅವಳು ಅಳಿಸಲಿಲ್ಲ, ಬೇರೆ ಫೋಲ್ಡರಿನಲ್ಲಿ ಇಟ್ಟುಕೊಂಡಳು. ಅದು ಅರ್ಜಿಗೆ ಬೇಕಿರಲಿಲ್ಲ, ಅವಳಿಗೆ ಬೇಕಿತ್ತು. ಅಷ್ಟು ನನಗೆ ಅಕ್ಕನ ಆ ಒಂದು ಮಾತಿನ ಮೇಲೆ ಅರ್ಥವಾಯಿತು.

ಇಂಟರ್ವ್ಯೂ

ಐದು ಕಡೆ ಹಾಕಿದ್ದರಲ್ಲಿ ಎರಡು ಕಡೆಯಿಂದ ಇಂಟರ್ವ್ಯೂಗೆ ಕರೆ ಬಂತು. ಇದು ಸಣ್ಣ ವಿಷಯವಲ್ಲ. ಬಹಳ ಮಕ್ಕಳು ಇಲ್ಲಿಯ ತನಕ ಬರುವುದೇ ಇಲ್ಲ.

ಜನವರಿಯ ಒಂದು ಭಾನುವಾರ ಅಡುಗೆಮನೆಯಲ್ಲಿ ಪ್ರಾಕ್ಟೀಸ್ ಮಾಡಿಸಿದೆ. ನಾನು ಕೇಳುವವನು, ಅಕ್ಕ ಬೀನ್ಸ್ ಹೆಚ್ಚುತ್ತಾ ಜಡ್ಜು.

"ಯಾಕೆ ಡಾಕ್ಟರ್ ಆಗಬೇಕು?"

"ಜನರಿಗೆ ಸಹಾಯ ಮಾಡೋಕೆ."

"ನರ್ಸ್ ಯಾಕಾಗಬಾರದು? ಫೈರ್ ಬ್ರಿಗೇಡ್ ಯಾಕೆ ಸೇರಬಾರದು?"

ಅವಳಿಗೆ ಸಿಟ್ಟು ಬಂತು. ಬರಲಿ ಅಂತಲೇ ಕೇಳಿದ್ದೆ. ಸಿಟ್ಟಿನಲ್ಲಿ ಅವಳ ಬಾಯಿಂದ ಬಂದದ್ದು ಒಳ್ಳೆಯ ಉತ್ತರ: ತಟ್ಟೆ ತಿರುಗಿಸುವುದು ಗೊತ್ತಾಯಿತು, ಬಾ ಯಾಕೆ ಹಾಗೆ ಅನ್ನುವುದು ಗೊತ್ತಾಗಲಿಲ್ಲ, ಅದು ಗೊತ್ತಾಗಬೇಕು. ಅಕ್ಕ ಚಾಕು ಕೆಳಗಿಟ್ಟು, "ಇದನ್ನೇ ಹೇಳು ಕಣೇ," ಅಂದಳು.

ಮೊದಲನೆಯದು ಎಂಎಂಐ ಮಾದರಿ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪದ್ಧತಿ. ಒಬ್ಬರೇ ಅರ್ಧ ಗಂಟೆ ಮಾತಾಡಿಸುವ ಬದಲು, ಬೇರೆಬೇರೆ ಜನ ಕೆಲವೇ ನಿಮಿಷಕ್ಕೆ ಒಂದೊಂದು ಸಂದರ್ಭ ಕೊಟ್ಟು ನೋಡುತ್ತಾರೆ. ಗೆಳತಿ ಪರೀಕ್ಷೆಯಲ್ಲಿ ಕಾಪಿ ಹೊಡೆದದ್ದು ನಿನಗೆ ಗೊತ್ತು, ಏನು ಮಾಡುತ್ತೀಯ? ಈ ಥರದ್ದು. ಇದರಲ್ಲಿ ಇವಳು ಎಡವಿದಳು. ನಿನ್ನ ದೌರ್ಬಲ್ಯ ಏನು ಅಂದದ್ದಕ್ಕೆ, "ಎಲ್ಲ ಪರ್ಫೆಕ್ಟ್ ಆಗಿರಬೇಕು ಅನ್ನೋ ಹಟ" ಅಂದಳಂತೆ. ಆ ಉತ್ತರ ಕೇಳಿ ಕೇಳಿ ಅವರ ಕಿವಿ ತೂತಾಗಿರುತ್ತದೆ.

ಎರಡನೆಯದು ಮಾಮೂಲಿ ಮಾತುಕತೆ. ವಯಸ್ಸಾದ ಒಬ್ಬ ಡಾಕ್ಟರು, "ಡಾಕ್ಟರ ಕೆಲಸದಲ್ಲಿ ನಿನಗೆ ಇಷ್ಟ ಆಗದ್ದು ಏನು ಕಂಡೆ?" ಅಂತ ಕೇಳಿದರಂತೆ. ಇವಳು, "ನಮ್ಮ ಮಾಮ ರಾತ್ರಿ 11ರ ತನಕ ನೋಟ್ಸ್ ಟೈಪ್ ಮಾಡ್ತಾನೆ, ಅದು" ಅಂದಳು. ಅವರು ಜೋರಾಗಿ ನಕ್ಕರಂತೆ. ನನ್ನ ಬೆನ್ನುನೋವಿನಿಂದ ಇವಳಿಗೆ ಅಷ್ಟಾದರೂ ಉಪಕಾರವಾಯಿತು.

ಏನಾಯಿತು

ಇಂಟರ್ವ್ಯೂ ಬರದ ಮೂರರಲ್ಲಿ ಒಂದು ಬ್ರೌನ್. ಅಲ್ಲಿ ಪಿಎಲ್‌ಎಂಇಗೆ ಪ್ರತಿ ವರ್ಷ ಸಾವಿರಾರು ಅರ್ಜಿ ಬರುತ್ತವೆ, ಸೇರುವವರು ಐವತ್ತು-ಅರವತ್ತು ಮಕ್ಕಳು. ಮಾರ್ಚ್ ಕೊನೆಗೆ ಇಲ್ಲ ಅಂತ ಬಂತು. ಅದನ್ನು ಅವಳೂ ನಿರೀಕ್ಷಿಸಿದ್ದಳು. ಇನ್ನೆರಡು ಕಡೆ, ಕಾಲೇಜಿಗೆ ಬಾ, ಮೆಡಿಕಲ್ ಸೀಟು ಕೊಡುವುದಿಲ್ಲ ಅಂದರು. ಎಂಎಂಐ ಮಾಡಿದವರು ಇಲ್ಲ ಅಂದರು. ನಕ್ಕ ಡಾಕ್ಟರು ಇದ್ದ ಕಡೆ ವೇಟ್‌ಲಿಸ್ಟ್.

ವೇಟ್‌ಲಿಸ್ಟ್ ಅನ್ನುವುದು ಬಸ್ ಸ್ಟ್ಯಾಂಡಿನಲ್ಲಿ "ಬರುತ್ತೆ, ಬರುತ್ತೆ" ಅನ್ನುವ ಹಾಗೆ. ಯಾವ ಕಾಲೇಜು ಅಂತ ಮೇ 1ರೊಳಗೆ ತೀರ್ಮಾನ ಹೇಳಬೇಕು. ಅಲ್ಲಿಯ ತನಕ ಅಕ್ಕ ದಿನಕ್ಕೆ ನಾಲ್ಕು ಸಲ ಮಗಳ ಈಮೇಲ್ ನೋಡಿದಳು. ಬಸ್ಸು ಬರಲಿಲ್ಲ. ಹುಡುಗಿ ನ್ಯೂ ಬ್ರನ್ಸ್‌ವಿಕ್‌ನ ರಟ್‌ಗರ್ಸ್ ವಿಶ್ವವಿದ್ಯಾಲಯಕ್ಕೆ ಹೂಂ ಅಂದಳು. ಮಾಮೂಲಿ ನಾಲ್ಕು ವರ್ಷದ ಕಾಲೇಜು, ಮಾಮೂಲಿ ದಾರಿ.

ಮೈಸೂರಿನಿಂದ ಅಮ್ಮ ಫೋನ್ ಮಾಡಿ, "ಯಾಕಷ್ಟು ಒದ್ದಾಡ್ತೀರಿ, ಇಲ್ಲಿಗೇ ಕಳಿಸಿ" ಅಂದರು. ಖಾಸಗಿ ಕಾಲೇಜುಗಳಲ್ಲಿ ಶೇ. 15ರಷ್ಟು ಎನ್‌ಆರ್‌ಐ ಕೋಟಾ ಇದೆ, ನೀಟ್ ಬರೆದರೆ ಆಯಿತು. ಅಕ್ಕ ಫೀಸು ವಿಚಾರಿಸಿ ಫೋನಿಟ್ಟಳು. ನನ್ನ ಭಯ ಬೇರೆ. ಅಲ್ಲಿ ಐದೂವರೆ ವರ್ಷ ಓದಿ ಬಂದರೆ ಇಲ್ಲಿ ಅವಳು ನನ್ನ ಹಾಗೆ ಹೊರಗಿನ ಡಾಕ್ಟರು: ಮತ್ತೆ ಪರೀಕ್ಷೆ, ಮತ್ತೆ ವೀಸಾ, ಮತ್ತೆ ಯಾವುದೋ ಹಳ್ಳಿ. ಹಳ್ಳಿಯ ಆ 3 ವರ್ಷ ನನಗೇನೂ ಕೆಟ್ಟದಾಗಿರಲಿಲ್ಲ. ಆದರೆ ನಾಲ್ಕನೇ ವಯಸ್ಸಿನಿಂದ ಇಲ್ಲೇ ಬೆಳೆದವಳು ಇಲ್ಲಿಗೇ ವಿದೇಶಿಯಾಗಿ ಬರುವುದು ನನಗೆ ಯಾಕೋ ಒಗ್ಗಲಿಲ್ಲ.

ಮಾಮೂಲಿ ದಾರಿಯ ಲೆಕ್ಕ ಭಾವನಿಗೆ ತೋರಿಸಿದೆ. 2023ರಲ್ಲಿ ಅಮೆರಿಕದ ಎಂಡಿ ಸ್ಕೂಲುಗಳಿಗೆ ಅರ್ಜಿ ಹಾಕಿದವರು 52 ಸಾವಿರ ಚಿಲ್ಲರೆ, ಸೇರಿದವರು ಹತ್ತಿರ ಹತ್ತಿರ 23 ಸಾವಿರ. ನೂರಕ್ಕೆ 44. ಸೇರಿದವರ ಸರಾಸರಿ ಎಂಕ್ಯಾಟ್ 528ಕ್ಕೆ 512ರ ಹತ್ತಿರ, ಜಿಪಿಎ 3.8ರ ಹತ್ತಿರ. ಭಾವನ ಮುಖ ಅರಳಿತು. ನಾನು ತಕ್ಷಣ ಎರಡು ಮಾತು ಸೇರಿಸಬೇಕಾಯಿತು. ಒಂದು, ಆ 52 ಸಾವಿರ ಜನ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಉದುರದೆ ಉಳಿದವರು. ಕಾಲೇಜಿನ ಮೊದಲ ವರ್ಷ ಡಾಕ್ಟರ್ ಆಗುತ್ತೇನೆ ಅಂದವರೆಲ್ಲ ಅಲ್ಲ. ಎರಡು, ಆ 44 ಎಲ್ಲರದೂ ಸೇರಿ. ಎಫ್-1ನಲ್ಲಿ ಇರುವವರಿಗೆ ಹಾಕಲು ಸಿಗುವ ಸ್ಕೂಲುಗಳೇ ಕಮ್ಮಿ.

ಇಷ್ಟರ ಮೇಲೆ 2025ರ ಜುಲೈ 4ರಂದು ಹೊಸ ಕಾನೂನು ಬಂತು. ಮೆಡಿಕಲ್ ಓದುವವರಿಗೆ ಕೇಂದ್ರ ಸರ್ಕಾರ ಕೊಡುವ ಸಾಲಕ್ಕೆ ವರ್ಷಕ್ಕೆ 50 ಸಾವಿರ ಡಾಲರ್, ಒಟ್ಟು 2 ಲಕ್ಷ ಡಾಲರ್ ಮಿತಿ. ಖರ್ಚಿನಷ್ಟೂ ಸಾಲ ಸಿಗುತ್ತಿದ್ದ ಗ್ರ್ಯಾಡ್ ಪ್ಲಸ್ ಯೋಜನೆ 2026ರ ಜುಲೈ 1ರಿಂದ ಹೊಸಬರಿಗೆ ಇಲ್ಲ. ಪರಿಚಯದವರೆಲ್ಲ ಗಾಬರಿಯಾದರು. ನಮ್ಮ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಎಚ್-4 ಇರುವವರಿಗೆ ಆ ಸಾಲ ಮೊದಲಿಂದಲೂ ಇರಲಿಲ್ಲ.

ಈಗ ಯಾರಾದರೂ ಫೋನ್ ಮಾಡಿ ಚಾನ್ಸ್ ಎಷ್ಟು ಅಂದರೆ, ನಾನು ಮೊದಲು ಕೇಳುವುದು ಮಗುವಿನ ಪಾಸ್‌ಪೋರ್ಟು ಯಾವುದು ಅಂತ. ಕೆಲವರಿಗೆ ಬೇಜಾರಾಗುತ್ತದೆ. ಇಲ್ಲೇ ಹುಟ್ಟಿದ ಮಗು ಅಂದರೆ ಮುಂದಿನ ಪ್ರಶ್ನೆ: ಕಾಯಿಲೆಯವರ ಹತ್ತಿರ ಎಷ್ಟು ಮಧ್ಯಾಹ್ನ ಕಳೆದಿದೆ? ಎಸ್‌ಎಟಿ ನಾನು ಕೇಳದಿದ್ದರೂ ಅವರೇ ಹೇಳುತ್ತಾರೆ. ಇವಳಂಥದೇ ಮಾರ್ಕ್ಸು, ಕೈಯಲ್ಲಿ ಗ್ರೀನ್ ಕಾರ್ಡು, ಜೊತೆಗೆ ಒಂದು ಬೇಸಿಗೆಯ ಲ್ಯಾಬ್ ಕೆಲಸ ಇದ್ದಿದ್ದರೆ ಮನೆ ಹತ್ತಿರದ 7 ವರ್ಷದ್ದು ಸಿಗುತ್ತಿತ್ತೇ? ಸಿಗಬಹುದಿತ್ತು ಅನ್ನುವುದು ನನ್ನ ಅಂದಾಜು. ಪಣ ಕಟ್ಟುವುದಿಲ್ಲ.

ಅವಳಿಗೆ 21 ತುಂಬುವುದು 2028ರ ಫೆಬ್ರುವರಿಗೆ, ಕಾಲೇಜಿನ ಮೂರನೇ ವರ್ಷದ ನಡುವೆ. ಗ್ರೀನ್ ಕಾರ್ಡಿನ ಸಾಲು ಎಲ್ಲಿಗೆ ಬಂತು ಅಂತ ಹೇಳುವ ವೀಸಾ ಬುಲೆಟಿನ್ ಅನ್ನು ಭಾವ ಪ್ರತಿ ತಿಂಗಳು ತೆಗೆದು ನೋಡುತ್ತಾರೆ. 2025ರ ಬೇಸಿಗೆಯಿಡೀ ಭಾರತದ ಇಬಿ-2 ಸಾಲು 2013ರ ಜನವರಿ 1ರಲ್ಲೇ ನಿಂತಿತ್ತು, ಒಂದು ದಿನವೂ ಸರಿಯಲಿಲ್ಲ. ಹಳೆಯ ಶೀಟಿನ ಪಕ್ಕದಲ್ಲೇ ಹೊಸದೊಂದು ಶೀಟ್ ಮಾಡಿದ್ದಾರೆ, ಎಫ್-1 ತೆಗೆದುಕೊಳ್ಳುವ ಮೆಡಿಕಲ್ ಸ್ಕೂಲುಗಳದ್ದು.

ಸೆಪ್ಟೆಂಬರ್‌ನಲ್ಲಿ ಹುಡುಗಿ ಫೋನ್ ಮಾಡಿದ್ದಳು. ಕೆಮಿಸ್ಟ್ರಿ ಮೊದಲ ಟೆಸ್ಟಿನಲ್ಲಿ 71 ಬಂದಿದೆಯಂತೆ. ಅಮ್ಮನಿಗೆ ಇನ್ನೂ ಗೊತ್ತಿಲ್ಲವಂತೆ.